ಎರಡು ಸೆಂಟಿಮೀಟರ್ ಗಿಡ್ಡ

ಪ್ರೇಮಾಬಾಯಿ ಉಕ್ಕಿನ ಸ್ಕೇಲನ್ನು ಮತ್ತೊಮ್ಮೆ ಪುಸ್ತಕದ ಬೆನ್ನಿಗೆ ಆನಿಸಿದರು.

ಇಪ್ಪತ್ತೊಂದು.

ಪಕ್ಕದಲ್ಲಿದ್ದ ಕ್ಯಾಟಲಾಗಿನ ಪ್ರಿಂಟಿನಲ್ಲಿ ಇಪ್ಪತ್ತಮೂರು ಎಂದಿತ್ತು.

"ಇದೂ ಹಂಗೇ ಏನ್ರಿ ಅಮ್ಮಾರೆ?" ಪುಸ್ತಕಗಳನ್ನು ತಂದಿಟ್ಟು ಅಲ್ಲೇ ನಿಂತಿದ್ದ ಅಟೆಂಡರ್ ಉರುಕುಂದಪ್ಪ ಕೇಳಿದ.

"ಹಂಗೇ. ಏಳಕ್ಕ ಏಳೂ ಎರಡು ಸೆಂಟಿಮೀಟರ್ ಗಿಡ್ಡ ಆಗ್ಯಾವ."

"ಪುಸ್ತಕ ಗಿಡ್ಡ ಆಗ್ತಾವೇನ್ರಿ?"

"ನಾನೂ ಅದನ್ನೇ ಕೇಳ್ಲಿಕ್ಕತ್ತೀನಿ."

ತೆಲುಗು ನಾಡಿನ ಗಡಿಯೊಳಗಿನ ಆದೋನಿಯ ಆ ಕಾಲೇಜು ತನ್ನ ಲೈಬ್ರರಿಯ ಹತ್ತೊಂಬತ್ತು ಸಾವಿರ ಪುಸ್ತಕಗಳ ಕ್ಯಾಟಲಾಗನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಟ್ಟು, ಆ ಕೆಲಸ ಸರಿಯಿದೆಯೇ ಎಂದು ನೋಡಲು ನಿವೃತ್ತ ಕ್ಯಾಟಲಾಗರ್ ಪ್ರೇಮಾಬಾಯಿಯವರನ್ನು ಕರೆದಿತ್ತು. ಹದಿನೈದು ದಿನದ ಹಿಂದೆ ಅವರು ಕೊಟ್ಟ ಮೊದಲ ವರದಿಯ ಕೆಂಪು ಗುರುತುಗಳಿಂದ ಏಜೆನ್ಸಿಯ ಗಂಗೋತ್ರಿ ಎಂಬ ಹುಡುಗಿ ಕೆಲಸ ಕಳೆದುಕೊಂಡಿದ್ದಳು.

ಆ ಹುಡುಗಿಯ ಮುಖವನ್ನು ಪ್ರೇಮಾಬಾಯಿ ನೋಡಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಪ್ರಿಂಟಿನ ಮೂಲೆಯಲ್ಲಿದ್ದ 'ಜಿ-೪' ಎಂಬ ಆಕೆಯ ಸಂಕೇತ ಮಾತ್ರ.

ಆಕೆಯ ಕೆಲಸ ಹೋಯಿತೆಂದು ತಿಳಿದ ದಿನದಿಂದ ಅವರಿಗೆ ಊಟ ರುಚಿಸಿರಲಿಲ್ಲ. ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಬೇರೆಯವರ ತಪ್ಪು ತಿದ್ದಿದವರು ಅವರು. ತಪ್ಪಿಗೂ ಒಂದು ಕೈಬರಹ ಇರುತ್ತದೆ ಎಂದು ಬಲ್ಲವರು. ಅವಸರದವರು ಸೊನ್ನೆ ಬಿಡುತ್ತಾರೆ. ತೂಕಡಿಸುವವರು ಒಂದು ಸಾಲು ಹಾರಿಸುತ್ತಾರೆ. ಭಾಷೆ ಬಾರದವರು ಲಕಾರಕ್ಕೆ ಳಕಾರ ಹಾಕುತ್ತಾರೆ.

ಈ ಜಿ-೪ ಇನ್ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಹಳೆಯ ಅಚ್ಚಿನ ಒತ್ತಕ್ಷರಗಳೂ ಸರಿಯಾಗಿದ್ದವು. ತಪ್ಪಿದ್ದು ಈ ಏಳರಲ್ಲಿ. ಅದೂ ಎರಡೇ ಕಡೆ, ಪುಟಗಳ ಸಂಖ್ಯೆಯಲ್ಲಿ ಮತ್ತು ಪುಸ್ತಕದ ಎತ್ತರದಲ್ಲಿ.

ಎತ್ತರ ಅಳೆಯುವಾಗ ಒಂದು ಕೂದಲೆಳೆ ಹೆಚ್ಚಿದ್ದರೂ ಮುಂದಿನ ಅಂಕಿ ಬರೆಯಬೇಕೆಂಬುದು ನಿಯಮ. ಹಾಗಾಗಿ ಒಂದು ಸೆಂಟಿಮೀಟರ್ ಯಾರಾದರೂ ತಪ್ಪಬಹುದು. ಎರಡು ತಪ್ಪುವುದು, ಅದೂ ಏಳು ಸಲ, ಏಳು ಸಲವೂ ಒಂದೇ ದಿಕ್ಕಿಗೆ?

"ಇವು ಯಾರು ಕೊಟ್ಟ ಪುಸ್ತಕ, ಉರುಕುಂದಪ್ಪ?"

"ಕೌತಾಳಂ ಗೋವಿಂದಪ್ಪ ಮೇಷ್ಟ್ರದ್ರಿ. ಅವರು ತೀರಿಹೋದ ಮ್ಯಾಲೆ ಮನಿಯವ್ರು ಲಾರಿಯಾಗ ಹಾಕಿ ಕಳಿಸಿದ್ರು. ನಾನೇ ಇಳಿಸಿದ್ದು, ನಾನೇ ಸೀಲ್ ಒತ್ತಿದ್ದು."

ಏಳೂ ಒಂದೇ ಗ್ರಂಥದ ಸಂಪುಟಗಳು. 'ಆದವಾನಿ ಸೀಮೆಯ ಗ್ರಾಮ ವೃತ್ತಾಂತ'. ಆದವಾನಿ ಎಂದರೆ ಆದೋನಿಯ ಹಳೆಯ ಹೆಸರು. ಹಿಂದಿನ ಕಾಲದ ಒಬ್ಬ ಕರಣಂ, ಎಂದರೆ ಊರ ಲೆಕ್ಕ ಬರೆಯುವವನು, ಊರೂರು ತಿರುಗಿ, ಯಾವ ಊರಲ್ಲಿ ಎಷ್ಟು ಕೆರೆ, ಎಷ್ಟು ಬಾವಿ, ಗೋಮಾಳ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟದ್ದು. ಕೈಯಲ್ಲಿದ್ದದ್ದು ೧೯೫೮ರಲ್ಲಿ ಬಳ್ಳಾರಿಯಲ್ಲಿ ಮರುಮುದ್ರಣವಾದ ಪ್ರತಿ. ಪ್ರಿಂಟಿನಲ್ಲೂ ೧೯೫೮, ಬಳ್ಳಾರಿ ಎಂದೇ ಇತ್ತು.

"ಸೀಲ್ ಎಲ್ಲೆಲ್ಲಿ ಒತ್ತೀ?"

"ಮೊದಲನೇ ಪುಟಕ್ಕ, ಕಡೀ ಪುಟಕ್ಕ." ಉರುಕುಂದಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಇನ್ನೊಂದು ಗುಟ್ಟಿನ ಪುಟಕ್ಕರಿ. ಮೂವತ್ತೇಳು. ಯಾರಾದ್ರೂ ಮೊದಲಿನ ಹಾಳೆ ಹರದು ಒಯ್ದರೂ ನಮ್ಮ ಪುಸ್ತಕ ಅಂತ ಗುರ್ತು ಸಿಗಬೇಕಲ್ರಿ. ಅದು ನನಗ, ಲೈಬ್ರರಿಯನ್ ವಾದೀಂದ್ರ ಸಾರಿಗೆ, ಇಬ್ರಿಗೇ ಗೊತ್ತು."

"ತೆಗಿ ನೋಡೋಣ."

ಆತ ಎಂಜಲು ಹಚ್ಚದೆ, ಅಂಗೈ ಒರೆಸಿಕೊಂಡು, ಮೂರನೆಯ ಸಂಪುಟದ ಹಾಳೆ ತಿರುವಿದ. ಮೂವತ್ತೈದು. ಮೂವತ್ತಾರು. ಮೂವತ್ತೇಳು.

ಪುಟದ ಮೇಲೆ ಸೀಲ್ ಇರಲಿಲ್ಲ.

ಆತ ಎರಡನೆಯದನ್ನು ತೆಗೆದ. ಐದನೆಯದನ್ನು ತೆಗೆದ. ಅವುಗಳಲ್ಲೂ ಇಲ್ಲ.

"ಅಮ್ಮಾರೆ, ನಾ ಒತ್ತಿದ್ದೆನ್ರಿ. ನನ್ನ ಮಕ್ಕಳ ಆಣೆ. ಮೂವತ್ತೇಳಕ್ಕ ಒತ್ತದೆ ನಾ ಪುಸ್ತಕ ಕೆಳಗ ಇಡಂಗಿಲ್ಲ."

ಪ್ರೇಮಾಬಾಯಿ ಮೊದಲ ಪುಟದ ಸೀಲನ್ನು ಬೆಳಕಿಗೆ ಹಿಡಿದರು. ಸೀಲು ಕಾಲೇಜಿನದೇ. ಆದರೆ ನೇರಳೆ ಮಸಿ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು, ಹಾಳೆಯ ಹಿಂಬದಿಗೆ ಇಳಿದಿರಲಿಲ್ಲ. ಗೋವಿಂದಪ್ಪ ಮೇಷ್ಟ್ರ ಬೇರೆ ಪುಸ್ತಕಗಳಲ್ಲಿ ಅದು ಎರಡು ವರ್ಷದಲ್ಲಿ ಹಿಂದಕ್ಕೂ ಇಳಿದಿತ್ತು.

"ನಿನ್ನ ಮಾತು ನಂಬ್ತೀನಿ," ಎಂದರು. "ಆ ಹುಡುಗಿ ಯಾವ ಊರಾಕಿ?"

"ಪೆದ್ದಕಡುಬೂರು. ದಿನಾ ಒಂಬತ್ತರ ಬಸ್ಸಿಗೆ ಬರ್ತಿದ್ಲು. ಗೇಟಿನಾಗ ನನಗ ನಮಸ್ಕಾರ ಮಾಡದೆ ಒಳಗ ಹೋದಾಕಿ ಅಲ್ರಿ."

*

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಪ್ರೇಮಾಬಾಯಿ ಪೆದ್ದಕಡುಬೂರಿನಲ್ಲಿ ಇಳಿದರು. ವಿಚಾರಿಸಿದಾಗ ಒಬ್ಬಾಕೆ ಹಿಟ್ಟಿನ ಗಿರಣಿಯ ಪಕ್ಕದ ಓಣಿ ತೋರಿಸಿದಳು.

ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಮುಂದೆ ಕೂತ ಹುಡುಗಿ ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬಹುದು. ಬಂದವರ ಚೀಲದಿಂದ ಇಣುಕುತ್ತಿದ್ದ ಕ್ಯಾಟಲಾಗ್ ಪ್ರಿಂಟುಗಳನ್ನು, ಅವುಗಳ ಮೇಲಿನ ಕೆಂಪು ಗುರುತುಗಳನ್ನು ಕಂಡದ್ದೇ ಆಕೆಯ ಕಾಲು ಪೆಡಲಿನ ಮೇಲೆ ನಿಂತಿತು.

"ಚೆಕಿಂಗ್ ಮೇಡಂ ನೀವೇನ್ರಿ?"

"ಹೌದು. ಹೆಸರು ಪ್ರೇಮಾಬಾಯಿ."

"ಹೆಸರು ಇವತ್ತೇ ಕೇಳಿದ್ದು. ನಮಗ ಕೆಂಪು ಗೆರೆ ಅಷ್ಟೇ ಬರ್ತಿದ್ವು." ಗಂಗೋತ್ರಿ ಮತ್ತೆ ಸೀರೆಯ ಅಂಚಿಗೆ ಕಣ್ಣು ಹಾಕಿದಳು. "ಇನ್ನೇನು ಉಳದೈತ್ರಿ, ಗುರ್ತು ಮಾಡೋದು?"

"ನಿನ್ನ ತಪ್ಪು ಹುಡುಕ್ಲಿಕ್ಕೆ ಬಂದಿಲ್ಲಮ್ಮ. ನಂದೇನಾದ್ರೂ ತಪ್ಪದೇನೋ ನೋಡ್ಲಿಕ್ಕೆ ಬಂದೀನಿ."

ಹುಡುಗಿ ತಲೆಯೆತ್ತಿದಳು. ಅಂಥ ಮಾತನ್ನು ಯಾವ ಕಚೇರಿಯವರ ಬಾಯಲ್ಲೂ ಆಕೆ ಕೇಳಿರಲಿಲ್ಲ. ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

"ಮನ್ಯಾಗ ಯಾರೂ ಇಲ್ಲೇನು?"

"ಅವ್ವ ಶಾಲಿಗೆ ಹೋಗ್ಯಾಳ್ರಿ, ಮಕ್ಕಳಿಗೆ ಅಡಿಗಿ ಮಾಡೋಕ."

ಪ್ರೇಮಾಬಾಯಿ ಮೂರನೆಯ ಸಂಪುಟದ ಪ್ರಿಂಟನ್ನು ಆಕೆಯ ಮುಂದೆ ಹರಡಿದರು. "ಈ ಪುಸ್ತಕ ನೆನಪದ ಏನು?"

"ಮರೆಯೋ ಪುಸ್ತಕಾನೇನ್ರಿ ಅದು? ನಮ್ಮೂರ ಹೆಸರಿತ್ತು ಅದ್ರಾಗ." ಆಕೆಯ ದನಿ ಮೆಲ್ಲಗೆ ಬಿಚ್ಚಿಕೊಂಡಿತು. "ಹತ್ತನೇ ತನಕ ಕನ್ನಡ ಓದಿದಾಕಿ ನಾನೊಬ್ಬಾಕಿನೇ ಅಂತ ನಮ್ಮ ಏಜೆನ್ಸಿ ಸೋಮೇಶ್ ಸಾರ್ ಮೇಷ್ಟ್ರ ಪುಸ್ತಕ ಪೂರಾ ನನಗೇ ಕೊಟ್ಟಿದ್ರು. ಆ ನಕ್ಷಾ ಬಿಚ್ಚಿ ನೋಡ್ಕೋತ ಅವತ್ತು ಊಟ ಮಾಡೋದೇ ಮರ್ತಿದ್ದೆ."

"ಯಾವ ನಕ್ಷಾ?"

"ಹಿಂದ ಇತ್ತಲ್ರಿ, ಮಡಚಿದ್ದು. ಬಿಚ್ಚಿದ್ರೆ ಟೇಬಲ್ ತುಂಬ ಆಗ್ತಿತ್ತು. ಏಳಕ್ಕೂ ಒಂದೊಂದು. ಕೆರಿ ನೀಲಿ, ಬಾವಿ ಕೆಂಪು ಚುಕ್ಕಿ, ಗೋಮಾಳ ಹಸರು."

ಪ್ರೇಮಾಬಾಯಿ ಪ್ರಿಂಟನ್ನು ಮತ್ತೆ ಮೇಲಿನಿಂದ ಕೆಳಗಿನವರೆಗೆ ಓದಿದರು. ನಿನ್ನೆ ಏಳು ಸಂಪುಟಗಳನ್ನೂ ಪುಟ ಪುಟವಾಗಿ ತಿರುವಿದ್ದರು. ಯಾವುದರಲ್ಲೂ ನಕ್ಷೆ ಇರಲಿಲ್ಲ. ಕತ್ತರಿಸಿದ ಗುರುತೂ ಇರಲಿಲ್ಲ. ಪ್ರಿಂಟಿನಲ್ಲಿ ನಕ್ಷೆಯ ಮಾತೇ ಇರಲಿಲ್ಲ.

"ನೀನು ಕಂಪ್ಯೂಟರಿಗೆ ನಕ್ಷಾ ಅಂತ ಬರೆದಿದ್ದೇನು?"

"ಬರೆಯದೆ ಬಿಡ್ತೀನೇನ್ರಿ?" ಗಂಗೋತ್ರಿ ಪೆಟ್ಟಿಗೆಯ ಮುಚ್ಚಳ ಎತ್ತಿ ಒಂದು ದಪ್ಪ ನೋಟ್‌ಬುಕ್ ತಂದಳು. "ಸೀದಾ ಟೈಪ್ ಮಾಡಿದ್ರೆ ಏನಾರ ಬಿಟ್ಟುಹೋಗ್ತೈತಿ ಅಂತ ನಾ ಮೊದಲು ಇದ್ರಾಗ ಬರಕೋತಿದ್ದೆ. ಎಲ್ಲಾರೂ ನಗ್ತಿದ್ರು. ಟೈಪ್ ಮಾಡೋಕೇ ಟೈಮಿಲ್ಲ, ನೀ ಕಾಪಿ ಬರೀತಿ ಏನೇ ಅಂತಿದ್ರು."

ಪೆನ್ಸಿಲಿನ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಪುಸ್ತಕಕ್ಕೆ ಲೈಬ್ರರಿ ಕೊಟ್ಟ ಅಕ್ಸೆಷನ್ ನಂಬರು. ಮೂರನೆಯ ಸಂಪುಟ. ಮುದ್ರಣ: ಆದವಾನಿ. ವರ್ಷ: ೧೯೧೩. ಪುಟ ನೂರನಲವತ್ತೆಂಟು. ಮಡಚಿದ ನಕ್ಷೆ ಒಂದು. ಎತ್ತರ ಇಪ್ಪತ್ತಮೂರು.

ಪ್ರಿಂಟಿನಲ್ಲಿ ಬಳ್ಳಾರಿ. ೧೯೫೮. ಪುಟ ನೂರನಲವತ್ತೆಂಟು. ಎತ್ತರ ಇಪ್ಪತ್ತಮೂರು.

ಪ್ರೇಮಾಬಾಯಿ ಎರಡನ್ನೂ ಅಕ್ಕಪಕ್ಕ ಇಟ್ಟರು. ಮನಸ್ಸಿನಲ್ಲಿ ಮೂರನೆಯದನ್ನೂ, ನಿನ್ನೆ ಕೈಯಲ್ಲಿ ಹಿಡಿದಿದ್ದ ಪುಸ್ತಕವನ್ನೂ ಇಟ್ಟರು. ಅದು ನೂರಮೂವತ್ತೆರಡು ಪುಟದ್ದು, ಇಪ್ಪತ್ತೊಂದು ಸೆಂಟಿಮೀಟರಿನದು.

ಹುಡುಗಿ ತಪ್ಪಿರಲಿಲ್ಲ. ಆಕೆ ಅಳೆದ ಪುಸ್ತಕವೇ ಬೇರೆ. ಆಕೆ ಕೆಲಸ ಮುಗಿಸಿದ ಮೇಲೆ ಯಾರೋ ೧೯೧೩ರ ಸಂಪುಟಗಳನ್ನು ಒಯ್ದು, ಅದೇ ನಂಬರು ಬರೆದು, ನಕ್ಷೆಯಿಲ್ಲದ ಮರುಮುದ್ರಣ ಇಟ್ಟಿದ್ದರು. ಕಂಪ್ಯೂಟರಿನಲ್ಲೂ ಊರು, ವರ್ಷ, ನಕ್ಷೆ ಬದಲಿಸಿದ್ದರು. ಪುಟ ಮತ್ತು ಎತ್ತರವನ್ನು ಯಾರು ನೋಡುತ್ತಾರೆ ಎಂದು ಬಿಟ್ಟಿದ್ದರು.

ನೋಡಿದವರು ಒಬ್ಬರಿದ್ದರು. ನೋಡಿ, ತಪ್ಪು ಹುಡುಗಿಯದೆಂದು ಗೆರೆ ಎಳೆದಿದ್ದರು.

"ಗಂಗೋತ್ರಿ," ಎಂದರು ಪ್ರೇಮಾಬಾಯಿ. "ನೀ ಬರೆದದ್ದು ಅಕ್ಷರ ಅಕ್ಷರ ಸರಿ ಅದ. ಗೆರೆ ಹಾಕಿದವಳು ನಾನು. ನಾನೇ ಅಳಿಸ್ತೀನಿ."

ಹುಡುಗಿಯ ಕಣ್ಣು ತುಂಬಿತು, ಆದರೆ ಆಕೆ ಒರೆಸಿಕೊಳ್ಳಲಿಲ್ಲ. "ಹಾಳ್ಯಾಗಿಂದು ಅಳಿಸ್ತೀರಿ ಮೇಡಂ. ಕಳ್ಳಿ ಅಂದಿದ್ರೆ ಜಗಳ ಆಡ್ತಿದ್ದೆ. ದಡ್ಡಿ ಅಂದ್ರು. ಅದಕ್ಕ ಏನಂತ ಜಗಳ ಆಡ್ಲಿ?"

ಪ್ರೇಮಾಬಾಯಿ ನೋಟ್‌ಬುಕ್ಕನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು.  "ಆ ನಕ್ಷಾದಾಗ ಅಂಥದ್ದೇನಿತ್ತು?"

"ಏನಿರ್ತೈತ್ರಿ, ಊರಿನ ನೀರು. ನಮ್ಮ ರಸ್ತೆ ಕಡೆ ಒಂದು ಕೆರಿ ಬರೆದಿದ್ರು. ಈಗ ಅಲ್ಲಿ ಕೆರಿ ಇಲ್ಲ, ಸೈಟಿನ ಕಲ್ಲು ನೆಟ್ಟಾರ. ಕೆರಿ ಇತ್ತು ಅಂತ ಮುದುಕ್ರು ಅಂತಾರ, ಕಾಗದ ಎಲ್ಲೈತಿ ಅಂತ ಕಲ್ಲು ನೆಟ್ಟವ್ರು ಅಂತಾರ."

"ಕಾಗದ ಇತ್ತು," ಎಂದರು ಪ್ರೇಮಾಬಾಯಿ, ತಮಗೇ ಹೇಳಿಕೊಂಡಂತೆ. "ಏಳು ಇದ್ವು."

ನೋಟ್‌ಬುಕ್ಕಿನ ಏಳು ಪುಟಗಳನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡು, ಅದನ್ನು ಹುಡುಗಿಯ ಕೈಗೇ ಕೊಟ್ಟು, ಅವರು ಬಸ್ಸು ಹಿಡಿದರು.

*

ಲೈಬ್ರರಿಗೆ ಬಂದಾಗ ಹನ್ನೆರಡೂವರೆ. ಓದುವ ಕೋಣೆಯಲ್ಲಿ ನಾಲ್ಕಾರು ವಿದ್ಯಾರ್ಥಿಗಳಿದ್ದರು. ಒಳಕೋಣೆಯಲ್ಲಿ ಲೈಬ್ರರಿಯನ್ ವಾದೀಂದ್ರ, ಆತನೆದುರು ಏಜೆನ್ಸಿಯ ಮಾಲೀಕ ಸೋಮೇಶ್. ಇಬ್ಬರಿಗೂ ಬಸ್ಸಿನಿಂದಲೇ ಫೋನ್ ಮಾಡಿ ಕಾಯಲು ಹೇಳಿದ್ದರು.

ವಾದೀಂದ್ರನಿಗೆ ಐವತ್ತು ಸಮೀಪ. ಮೇಜಿನ ಮೇಲಿನ ಪೆನ್ನು ಕೂಡ ಸಾಲಾಗಿಯೇ ಇರಬೇಕು ಎನ್ನುವ ಮನುಷ್ಯ. ಸೋಮೇಶನದು ಹತ್ತಿ ವ್ಯಾಪಾರದ ಮನೆತನ. ಕೆಳಗೆ ಅಣ್ಣಂದಿರ ಹತ್ತಿ ಅಂಗಡಿ, ಮೇಲಿನ ಅಂತಸ್ತಿನಲ್ಲಿ ಈತನ ಹನ್ನೆರಡು ಕಂಪ್ಯೂಟರು.

ಪ್ರೇಮಾಬಾಯಿ ಏಳು ಸಂಪುಟಗಳನ್ನು ಮೇಜಿನ ಮೇಲೆ ಇಟ್ಟು, ನಡೆದದ್ದನ್ನು ಮೊದಲಿನಿಂದ ಹೇಳಿದರು.

"ಮೇಡಂ," ಸೋಮೇಶ್ ಕುರ್ಚಿ ಹಿಂದಕ್ಕೆ ಸರಿಸಿದ. "ಹದಿನೈದು ದಿನದ ಕೆಳಗ ನೀವೇ ತಪ್ಪು ಅಂದ್ರಿ. ನಿಮ್ಮ ಮಾತಿಗೆ ಆ ಹುಡುಗೀನ ತೆಗೆದೆ. ಇವತ್ತು ಆಕಿದು ಸರಿ ಐತಿ ಅಂತೀರಿ. ಏದೋ ಒಕಟಿ ಚೆಪ್ಪಂಡಿ. ಒಂದು ಮಾತಿನ ಮ್ಯಾಲೆ ನಿಲ್ರಿ."

"ಇವತ್ತಿನ ಮಾತಿನ ಮ್ಯಾಲೆ ನಿಲ್ತೀನಿ. ಅವತ್ತಿಂದು ತಪ್ಪು ಅಂತ ಬರೆದೂ ಕೊಡ್ತೀನಿ."

ಸೋಮೇಶ್ ಅದನ್ನು ನಿರೀಕ್ಷಿಸಿರಲಿಲ್ಲ. ಹಿಂದಕ್ಕೆ ಸರಿಸಿದ್ದ ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ.

"ಪೆನ್ಸಿಲಿನಾಗ ಬರೆದದ್ದು ಯಾವಾಗ ಬೇಕಾದ್ರೂ ಬರೀಬಹುದು," ವಾದೀಂದ್ರ ಮೆಲ್ಲಗೆ ಹೇಳಿದ. "ಕೆಲಸ ಹೋದ ಸಿಟ್ಟಿಗೆ ಮನ್ಯಾಗ ಕೂತು ಬರೆದಿರಬಹುದಲ್ರಿ?"

"ಬರೀಬಹುದು. ಅದಕ್ಕ ನೋಟ್‌ಬುಕ್ ಒಂದನ್ನೇ ನಂಬಿಲ್ಲ. ಮೂವತ್ತೇಳನೇ ಪುಟ ತೆಗೀರಿ."

ವಾದೀಂದ್ರನ ಕಣ್ಣು ಒಮ್ಮೆ ಸೋಮೇಶನ ಕಡೆ ಹೊರಳಿತು. "ಅದು..."

"ಯಾವ ಪುಟ? ಏನೈತಿ ಅದ್ರಾಗ?" ಎಂದ ಸೋಮೇಶ್.

ಗುಟ್ಟಿನ ಪುಟದ ಸಂಗತಿ ಆತನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವನಂತೆ ಕೇಳುವುದು ಚೆನ್ನಾಗಿ ಬರುತ್ತಿತ್ತು. ಪ್ರೇಮಾಬಾಯಿ ಎರಡನ್ನೂ ಮನಸ್ಸಿನಲ್ಲಿ ಬರೆದುಕೊಂಡರು.

ವಾದೀಂದ್ರ ಏಳೂ ಪುಸ್ತಕಗಳ ಮೂವತ್ತೇಳನೆಯ ಪುಟ ತೆಗೆದ. ಏಳರಲ್ಲೂ ಸೀಲ್ ಇರಲಿಲ್ಲ.

"ಹಂಗಾದ್ರೆ ಹೊರಗಿನವರು," ಎಂದ. "ಸೀಲ್ ಸಿಕ್ಕದ, ಗುಟ್ಟು ಸಿಕ್ಕಿಲ್ಲ. ನಾನಾಗ್ಲಿ ಉರುಕುಂದಪ್ಪ ಆಗ್ಲಿ ಮಾಡಿದ್ರೆ ಮೂವತ್ತೇಳಕ್ಕೂ ಒತ್ತಿರ್ತಿದ್ವಿ."

"ಅಥವಾ ಹಿಂಗ ಅನ್ಲಿ ಅಂತಲೇ ಒತ್ತದೆ ಬಿಟ್ಟಿರಬಹುದು."

"ಪ್ರೇಮಾಬಾಯಿಯವರೆ! ಇಪ್ಪತ್ತಾರು ವರ್ಷ ಆತು ನಾ ಇಲ್ಲಿ."

"ಗೊತ್ತದ ವಾದೀಂದ್ರ. ಆ ಹುಡುಗೀಗೆ ಅಷ್ಟು ವಯಸ್ಸೂ ಇಲ್ಲ. ಆಕಿ ಬಗ್ಗೆ ನಾವ್ಯಾರೂ ಎರಡು ಸಲ ಯೋಚನೆ ಮಾಡ್ಲಿಲ್ಲ. ನಿಮ್ಮ ಬಗ್ಗೆ ಮಾಡ್ಲಿಕ್ಕತ್ತೀನಿ, ಅದು ಮರ್ಯಾದೆ ಅಂತ ತಿಳಕೋರಿ."

ವಾದೀಂದ್ರ ಮೇಜಿನ ಮೇಲಿನ ಪೆನ್ನುಗಳನ್ನು ಮತ್ತೆ ಸಾಲಾಗಿ ಜೋಡಿಸಿದ.

ಸೋಮೇಶ್ ನಡುವೆ ಬಾಯಿ ಹಾಕಿದ. "ನಂದು ಒಂದು ಮಾತು ಕೇಳ್ರಿ. ಮೇ ಕಡೀ ದಿನ ನಾವು ಪೂರಾ ಕೆಲಸ ಒಪ್ಪಿಸಿಬಿಟ್ವಿ. ಅವತ್ತಿಗೆ ನಮ್ಮವ್ರ ಪಾಸ್‌ವರ್ಡ್ ಎಲ್ಲಾ ಬಂದ್. ಆಮ್ಯಾಲೆ ಯಾರು ಏನು ಬದಲು ಮಾಡಿದ್ರೂ ಈ ಕಾಲೇಜಿನ ಲಾಗಿನ್‌ನಿಂದಲೇ ಮಾಡಬೇಕು. ವಾದೀಂದ್ರ ಸಾರ್, ಔನಾ ಕಾದಾ?"

"ಹೌದು," ವಾದೀಂದ್ರ ಒಪ್ಪಿದ.

"ಹಂಗಾದ್ರೆ ಬದಲು ಮಾಡಿದ್ದು ಯಾರು ಅಂತ ಕಂಪ್ಯೂಟರೇ ಹೇಳ್ತದ," ಎಂದರು ಪ್ರೇಮಾಬಾಯಿ. "ಪ್ರತಿ ತಿದ್ದುಪಡಿಗೂ ತಾರೀಖು, ಹೆಸರು ಇರ್ತಾವ. ತೆಗೀರಿ."

"ಅದನ್ನ ನೋಡ್ಲಿಕ್ಕೆ ಪ್ರಿನ್ಸಿಪಾಲರ ಅನುಮತಿ ಬೇಕ್ರಿ."

"ಹುಡುಗೀನ ತೆಗೀಲಿಕ್ಕೆ ಯಾರ ಅನುಮತಿ ತಗೊಂಡ್ರಿ?"

ವಾದೀಂದ್ರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಮಾನಿಟರಿನ ಕೆಳಗೆ ಅಂಟಿಸಿದ್ದ ಚೀಟಿ ನೋಡಿ ಪಾಸ್‌ವರ್ಡ್ ಹೊಡೆದ. ಆ ಚೀಟಿಯನ್ನು ಪ್ರೇಮಾಬಾಯಿಯೂ ನೋಡಿದರು. ಈ ಕೋಣೆಗೆ ಬಂದು ಹೋದ ಯಾರು ಬೇಕಾದರೂ ನೋಡಬಹುದಿತ್ತು.

ಪರದೆ ತೆರೆಯಿತು. ಮೂರನೆಯ ಸಂಪುಟ. ಜೂನ್ ಒಂಬತ್ತು, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಊರು ಬದಲಾಗಿತ್ತು. ವರ್ಷ ಬದಲಾಗಿತ್ತು. 'ಮಡಚಿದ ನಕ್ಷೆ ಒಂದು' ಎಂಬ ಸಾಲು ಅಳಿಸಿಹೋಗಿತ್ತು. ನೋಟ್‌ಬುಕ್ಕಿನಲ್ಲಿ ಇದ್ದದ್ದೇ ಮೊದಲು ಇಲ್ಲೂ ಇತ್ತು.

ಗಂಗೋತ್ರಿಯ ಮಾತಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಪ್ರೇಮಾಬಾಯಿ ನಿರಾಳವಾಗಿ ಉಸಿರು ಬಿಟ್ಟರು.

ಆದರೆ ವಾದೀಂದ್ರನ ಬೆರಳು ಮೌಸಿನ ಮೇಲೆ ಕಲ್ಲಾಗಿತ್ತು. ತಿದ್ದಿದವರ ಹೆಸರಿದ್ದ ಜಾಗವನ್ನು ಆತ ನೋಡುತ್ತಿದ್ದ.

"ಯಾರ್ರಿ?" ಸೋಮೇಶ್ ಬಗ್ಗಿ ಓದಿದ. ನಗಲು ಹೋಗಿ ನಿಲ್ಲಿಸಿದ. "ಮೇಡಂ... ಇದು ನೀವೇ."

ಪ್ರೇಮಾಬಾಯಿ. ಏಳು ಸಂಪುಟಕ್ಕೂ ಅದೇ ಹೆಸರು.

ಅವರು ಎರಡು ಸಲ ಓದಿದರು. ಅಚ್ಚಿನ ತಪ್ಪಲ್ಲ. ಮೂವತ್ತೊಂದು ವರ್ಷ ಸಂಬಳದ ಪಟ್ಟಿಯಲ್ಲಿ ನೋಡಿದ ಹೆಸರು, ಈಗ ಯಾರದೋ ಹೆಸರಿನಂತೆ ಕಂಡಿತು.

"ನನಗ ಲಾಗಿನ್ನೇ ಇಲ್ಲ," ಎಂದರು. "ವಾದೀಂದ್ರ, ನೀವು ಮಾಡಿಕೊಡ್ತೀನಿ ಅಂದಿದ್ರಿ. ಬ್ಯಾಡ, ಪ್ರಿಂಟಿನ ಮ್ಯಾಲೆ ಗುರ್ತು ಹಾಕ್ತೀನಿ ಅಂದಿದ್ದೆ. ಹೌದಲ್ಲೋ?"

"ಹೌದ್ರಿ. ನಾ ಮಾಡಿಲ್ಲ. ದೇವರಾಣೆಗೂ ನಾ ಮಾಡಿಲ್ಲ."

"ಈ ಲಾಗಿನ್ ಯಾವತ್ತು ಹುಟ್ಟಿತು ಅಂತ ನೋಡ್ರಿ."

ವಾದೀಂದ್ರ ಒತ್ತಿದ. ಜೂನ್ ನಾಲ್ಕು.

"ನನ್ನ ಈ ಕೆಲಸಕ್ಕ ಕರೆಯೋ ಮಾತು ನಿಮ್ಮ ಕಮಿಟಿಯೊಳಗ ಎಂದು ಬಂತು?"

"ಇಪ್ಪತ್ತಕ್ಕರಿ. ಜೂನ್ ಇಪ್ಪತ್ತು. ಅದಕ್ಕ ಮೊದಲು ನಿಮ್ಮ ಹೆಸರು ನನಗೇ ಗೊತ್ತಿರಲಿಲ್ಲ."

ಕಮಿಟಿ ಹೆಸರು ಎತ್ತುವ ಹದಿನಾರು ದಿನ ಮೊದಲೇ ಯಾರೋ ಅವರನ್ನು ಆರಿಸಿದ್ದರು. ತಪ್ಪು ಹಿಡಿಯಲು ಅಲ್ಲ, ತಪ್ಪು ಹೊರಿಸಲು. ತಿದ್ದಿದವಳೂ ಪ್ರೇಮಾಬಾಯಿ, ತಪ್ಪು ಎಂದು ವರದಿ ಕೊಟ್ಟವಳೂ ಪ್ರೇಮಾಬಾಯಿ. ನಾಳೆ ನಕ್ಷೆಗಳ ವಿಷಯ ಹೊರಬಿದ್ದರೆ ಪೊಲೀಸರು ಬೇರೆ ಬಾಗಿಲು ಬಡಿಯಬೇಕಾಗಿರಲಿಲ್ಲ.

ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ, ಗಂಗೋತ್ರಿಗೆ ಹೇಗನ್ನಿಸಿರಬಹುದೆಂದು ಅವರಿಗೆ ಅರ್ಥವಾಯಿತು.

"ಲಾಗಿನ್ ಮಾಡ್ಬೇಕಂದ್ರ ಫೋನ್ ನಂಬರ್ ಕೊಡ್ಬೇಕಲ್ಲ?" ದನಿ ಅವರಿಗೇ ಆಶ್ಚರ್ಯವಾಗುವಷ್ಟು ಶಾಂತವಾಗಿತ್ತು.

"ಕೊಡ್ಬೇಕ್ರಿ. ಆ ಫೋನಿಗೆ ಆರಂಕಿ ಬರ್ತಾವ. ಅವನ್ನ ಇಲ್ಲಿ ಹಾಕಿದ್ರೇ ಲಾಗಿನ್ ಆಗ್ತದ."

ನಂಬರು ಪರದೆಯ ಮೇಲಿತ್ತು. ಅವರದಲ್ಲ. ವಾದೀಂದ್ರನದಲ್ಲ, ಸೋಮೇಶನದಲ್ಲ. ಅವರವರ ಫೋನು ತೆಗೆದು ಮೂವರೂ ನೋಡಿದರು, ಯಾರ ಫೋನಿನಲ್ಲೂ ಆ ನಂಬರಿಗೆ ಹೆಸರಿರಲಿಲ್ಲ.

ಪ್ರೇಮಾಬಾಯಿ ತಮ್ಮ ಫೋನಿನಿಂದ ಅದಕ್ಕೆ ಕರೆ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟರು.

ನಾಲ್ಕು ರಿಂಗು. ಐದು. ಆಮೇಲೆ ತಟ್ಟೆಗಳ ಸದ್ದು, ಮಕ್ಕಳ ಗದ್ದಲ.

"ಎವರು?" ಒಂದು ಹೆಂಗಸಿನ ದನಿ ಗದ್ದಲವನ್ನು ಮೀರಿ, ಯಾರೆಂದು ತೆಲುಗಿನಲ್ಲಿ ಕೇಳಿತು.

"ಆದೋನಿಯಿಂದ ಮಾತಾಡ್ತೀನ್ರಿ. ತಾವು ಯಾರು?"

"ನಾ ಮಹಾಂತಮ್ಮರಿ. ಪೆದ್ದಕಡುಬೂರು ಸಾಲ್ಯಾಗ ಅಡಿಗಿ ಮಾಡ್ತೀನಿ. ಯಾರು ಬೇಕಿತ್ತು? ಗಂಗೋತ್ರಿ ಬೇಕಂದ್ರ ಆಕಿ ಮನ್ಯಾಗ ಅದಾಳ, ನಾ ಅವರವ್ವ."

ಸೋಮೇಶ್ ಮೇಜಿನ ಮೇಲೆ ಅಂಗೈ ಬಡಿದ. "ಮುಗೀತಲ್ಲ! ಇನ್ನೇನು ಬೇಕ್ರಿ ನಿಮಗ?"

ಪ್ರೇಮಾಬಾಯಿ ಕೈಯೆತ್ತಿ ಆತನನ್ನು ತಡೆದರು.  ಬೆಳಿಗ್ಗೆ ಆ ಹುಡುಗಿಯ ತುಂಬಿದ ಕಣ್ಣು ನೋಡಿ ನಂಬಿದ್ದರು. ಹದಿನೈದು ದಿನದ ಹಿಂದೆ ಪ್ರಿಂಟು ನೋಡಿ ನಂಬದೆ ಹೋಗಿದ್ದರು. ಎರಡು ಸಲವೂ ತಪ್ಪಿದೆನೇ?

ಕೇಳದೆ ಬಿಡುವ ಹಾಗಿರಲಿಲ್ಲ.

"ಮಹಾಂತಮ್ಮ, ಜೂನ್ ಮೊದಲ ವಾರದಾಗ ನಿಮ್ಮ ಫೋನಿಗೆ ಆರಂಕಿದ್ದೊಂದು ನಂಬರ್ ಬಂದಿತ್ತೇನ್ರಿ?"

"ಹೂನ್ರಿ, ಬಂದಿತ್ತು. ಅಲ್ಲೇ ಓದಿ ಹೇಳಿದ್ನಲ್ಲ."

"ಯಾರಿಗೆ? ಗಂಗೋತ್ರಿಗೇನು?"

"ಆಕಿಗೆಲ್ಲಿ ಹೇಳ್ಲಿ. ಆಕಿಗೆ ತಿಳಿಸಬ್ಯಾಡ್ರಿ, ನೌಕರಿ ಪರ್ಮನೆಂಟ್ ಆಗೋದೈತಿ, ಒಮ್ಮೆಲೇ ಖುಷಿ ಆಗ್ಲಿ ಅಂದ್ರು. ಕಾಲೇಜಿನ ಮೇಡಂ. ಪ್ರೇಮಾಬಾಯಿ ಅಂತ."

ವಾದೀಂದ್ರ ಕುರ್ಚಿಯಿಂದ ಅರ್ಧ ಎದ್ದು ನಿಂತ. ಸೋಮೇಶನ ಅಂಗೈ ಮೇಜಿನ ಮೇಲೆಯೇ ಉಳಿದಿತ್ತು.

ಪ್ರೇಮಾಬಾಯಿ ಫೋನಿನ ಹತ್ತಿರಕ್ಕೆ ಬಾಗಿದರು.

"ಮಹಾಂತಮ್ಮ, ಕಾಲೇಜಿನ ಪ್ರೇಮಾಬಾಯಿ ನಾನೇ ಅದೀನ್ರಿ."

ಆ ಕಡೆ ತಟ್ಟೆಗಳ ಸದ್ದು ದೂರವಾಯಿತು. ಆಕೆ ಫೋನು ಹಿಡಿದು ಹೊರಗೆ ಬಂದಿರಬೇಕು.

"ಯಾಕ್ರೀ ಸುಳ್ಳು ಹೇಳ್ತೀರಿ?" ದನಿಯಲ್ಲಿ ಈಗ ಅಂಜಿಕೆಯಿತ್ತು. "ಪ್ರೇಮಾಬಾಯಿನ ನಾ ಕಣ್ಣಾರೆ ನೋಡೀನಿ. ಎರಡು ಸಲ ಮಗಳಿಲ್ಲದಾಗ ನಮ್ಮನಿಗೆ ಬಂದು, ನನ್ನ ಕೈಲೆ ಛಾ ಕುಡದು ಹೋಗ್ಯಾರ. ಮಗಳ ಕೆಲಸ ಹೋದಾಗ ನನ್ನ ಹೆಗಲ ಮ್ಯಾಲೆ ಕೈ ಹಾಕಿ ಅತ್ತಾರ. ಖರೇ ಹೇಳ್ರಿ, ನೀವು ಯಾರು?"